ತಿರುಗಿಸಿದ ಕಾಲರ್

ನನ್ನ ತಮ್ಮ ನಂಜುಂಡಸ್ವಾಮಿ ಟೈಲರ್. ಇಷ್ಟು ಚಿಕ್ಕ ವಾಕ್ಯವನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ಅವನು ಸಾಂಟಾ ಕ್ಲಾರಾದ ನಮ್ಮ ಮನೆಗೆ ಬಂದದ್ದು 1980ರಲ್ಲಿ. ಕನ್ನಡ ಕೂಟದ ಊಟದಲ್ಲಿ ಯಾರಾದರೂ, "ಶೈಲಜಾ, ನಿಮ್ಮ ಬ್ರದರ್ ಏನ್ಮಾಡ್ತಾರೆ?" ಎಂದು ಕೇಳಿದರೆ, "ಗಾರ್ಮೆಂಟ್ ಲೈನಲ್ಲಿದಾನೆ" ಎನ್ನುತ್ತಿದ್ದೆ. ಕೇಳಿದವರು ಎಕ್ಸ್‌ಪೋರ್ಟ್ ಅಂದುಕೊಳ್ಳುತ್ತಿದ್ದರು. ಹಾಗೆ ಅಂದುಕೊಳ್ಳಲಿ ಎಂದೇ ನಾನು ಹೇಳುತ್ತಿದ್ದದ್ದು. ನಂಜುಂಡ ಪಕ್ಕದಲ್ಲೇ ನಿಂತು ಪುಳಿಯೋಗರೆ ತಿನ್ನುತ್ತಿರುತ್ತಿದ್ದ. ಒಂದು ದಿನವೂ ತಿದ್ದಲಿಲ್ಲ.

ಅವನ ಲೈನು ಇದ್ದದ್ದು ಕ್ಯಾಂಪ್‌ಬೆಲ್‌ನ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಕ್ರಿಸ್‌ಮಸ್ ಕಳೆದ ಮೇಲೆ ಜನರ ಸೊಂಟದ ಹೊಲಿಗೆ ಬಿಡುವುದು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದ. ಮದುವೆಯಾಗಲಿಲ್ಲ. ಮಾತೂ ಕಮ್ಮಿ. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡಿರುವವನು ಇನ್ನೆಷ್ಟು ಮಾತಾಡಿಯಾನು ಎಂದು ನನ್ನ ಗಂಡ ಗುರುಪ್ರಸಾದ್ ಹೇಳುತ್ತಿದ್ದರು. ಅವರು ಚಿಪ್ ಕಂಪನಿಯ ಎಂಜಿನಿಯರ್; ಅವರ ಬಾಯಲ್ಲಿ ಏನೂ ಇಲ್ಲದಿದ್ದರೂ ಮಾತು ಅಷ್ಟೇ ಇತ್ತು.

ನಮ್ಮಪ್ಪ ಶಿವರಾಮು ಕೂಡ ಟೈಲರೇ. ಮೈಸೂರಿನಲ್ಲಿ ಒಂದು ಮಿಷನ್ನಿನ ಅಂಗಡಿ. ಕಾಲರ್ ತಿರುಗಿಸುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ. ಶರ್ಟು ಗಟ್ಟಿಯಾಗಿದ್ದು ಕಾಲರ್ ಮಾತ್ರ ಸವೆದು ನೂಲು ಬಿಟ್ಟರೆ, ಅದರ ಹೊಲಿಗೆ ಬಿಚ್ಚಿ, ಮಗುಚಿ, ಒಳಮಗ್ಗುಲು ಹೊರಗೆ ಬರುವಂತೆ ಮತ್ತೆ ಕೂರಿಸುತ್ತಿದ್ದರು. ಶರ್ಟಿಗೆ ಇನ್ನೂ ಐದು ವರ್ಷ ಆಯಸ್ಸು. ಗುಮಾಸ್ತರು, ಮೇಷ್ಟ್ರುಗಳು ಶರ್ಟನ್ನು ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು ತರುತ್ತಿದ್ದರು. ಯಾರಾದರೂ ನೋಡಿದರೆ ಮರ್ಯಾದೆ ಹೋಯಿತು. ಅಪ್ಪ ಬೆಳಿಗ್ಗೆ ನನ್ನನ್ನು ಕಾಲೇಜಿನವರೆಗೆ ಬಿಡಲು ಬರುವಾಗ ಅಳತೆಯ ಟೇಪು ಕೊರಳಲ್ಲೇ ಇರುತ್ತಿತ್ತು. ಒಂದು ದಿನ ನಾನು, "ಅಪ್ಪ, ನೀವು ಆ ತಿರುವಿನಲ್ಲೇ ನಿಂತ್ಬಿಡಿ" ಎಂದೆ. ಮಾರನೆಯ ದಿನದಿಂದ ಅಲ್ಲೇ ನಿಂತರು. ಯಾಕೆಂದು ಕೇಳಲಿಲ್ಲ. ಅಮೆರಿಕಾಕ್ಕೆ ಬಂದ ಮೇಲೆ ಅವರನ್ನು "ಕ್ಲಾತ್ ಬಿಸಿನೆಸ್" ಮಾಡಿದ್ದೂ ನಾನೇ.

1983ರಲ್ಲಿ ನನ್ನ ಮಗಳು ವಸುಧಾಗೆ ಪಾಲೊ ಆಲ್ಟೊ ಕಡೆಯ ಆ ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಹೆಸರು ಹೇಳುವುದಿಲ್ಲ, ಆ ಬೇಸಿಗೆಯಲ್ಲಿ ಹೇಳಿ ಹೇಳಿ, ಗ್ರೋಸರಿ ಅಂಗಡಿಯಲ್ಲಿ ಜನ ನನ್ನನ್ನು ಕಂಡರೆ ಬೇಳೆಯ ಸಾಲಿನ ಹಿಂದೆ ಮರೆಯಾಗುತ್ತಿದ್ದರು. ಅಲ್ಲಿ ಅನುಕೂಲಸ್ಥರ ಮಕ್ಕಳೆಲ್ಲ "ಪ್ರೆಪಿ" ಎಂಬ ರೀತಿಯಲ್ಲಿ ಉಡುತ್ತಾರೆಂದು ವಸುಧಾ ಪಟ್ಟಿ ಬರೆದಳು. ಕಾಲರಿನ ತುದಿಗೆ ಗುಂಡಿ ಇರುವ ಆಕ್ಸ್‌ಫರ್ಡ್ ಶರ್ಟು, ಖಾಕಿ ಪ್ಯಾಂಟು, ಚಳಿಯಿಲ್ಲದಿದ್ದರೂ ಹೆಗಲಿಗೆ ಕಟ್ಟಿಕೊಳ್ಳುವ ಸ್ವೆಟರು. ಎಲ್ಲವನ್ನೂ ಹೊಸದಾಗಿ ತಂದೆ. ತಂದು ಸುಮ್ಮನಿರಬೇಕಿತ್ತು. ಹತ್ತಿಬಟ್ಟೆಗೆ ಗಂಜಿ ಹಾಕದಿದ್ದರೆ ಹೇಗೆ? ಅನ್ನ ಬಸಿದ ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಗೆರೆ ಮೂಡುವಂತೆ ಇಸ್ತ್ರಿ ಹೊಡೆದೆ. ಖಾಕಿ ಪ್ಯಾಂಟು ಯಾರ ಸಹಾಯವೂ ಇಲ್ಲದೆ ನಿಲ್ಲುತ್ತಿತ್ತು.

ಮೂರನೆಯ ವಾರ ವಸುಧಾ ಊದಿದ ಕಣ್ಣಿನಲ್ಲಿ ಮನೆಗೆ ಬಂದಳು.

"ಅಮ್ಮಾ, ಐ ಲುಕ್ ಲೈಕ್ ಎ ವೇಟರ್."

ಅವಳ ರೂಮಿನಲ್ಲಿದ್ದವಳು ಕ್ಯಾರೊಲೈನ್ ಥೇಯರ್, ಬಾಸ್ಟನ್ನಿನ ಹಳೆಯ ಮನೆತನದ ಹುಡುಗಿ. ಅವಳ ಶರ್ಟಿನ ಮೊಣಕೈ ಹರಿದಿತ್ತಂತೆ, ಶೂಗೆ ಅಂಟುಟೇಪು ಸುತ್ತಿತ್ತಂತೆ. ಇಡೀ ಹಾಸ್ಟೆಲ್ಲು ಅವಳ ಹಿಂದೆ. ವಸುಧಾ ಪಕ್ಕದಲ್ಲಿ ಕೂತರೆ ಎಲ್ಲರೂ ನಯವಾಗಿ ನಕ್ಕು ಮಾತು ನಿಲ್ಲಿಸುತ್ತಿದ್ದರಂತೆ.

"ಪಾಪ, ಆ ಹುಡುಗಿ ಮನೇಲಿ ಕಷ್ಟವೇನೋ" ಎಂದೆ.

"ಅಮ್ಮಾ, ದೇ ಓನ್ ಆ್ಯನ್ ಐಲಂಡ್!"

ನಂಜುಂಡ ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆಯೆತ್ತಲಿಲ್ಲ. "ತಲೆಮಾರಿಂದ ಇರೋರು ಹಳೇದೇ ಹಾಕೋದು ಅಕ್ಕ. ನಮ್ಮಂಗ್ಡಿಗೂ ಬರ್ತಾರೆ ಒಬ್ಬಿಬ್ರು. ಹರಿದಿದ್ದನ್ನ ಹೊಲಿ ಅಂತಾರೆ. ಹೊಲ್ದಿದ್ದು ಕಾಣ್ಲಿ ಅಂತಾರೆ. ನೀನು ಇವಳಿಗೆ ಗಂಜಿ ಹಾಕಿ ಕಳಿಸಿದೀಯ."

ಮರುದಿನ ಭಾನುವಾರ. ನಂಜುಂಡ, ನಾನು ಆರಿಸಿ ತಂದಿದ್ದ ಅಷ್ಟೂ ಹೊಸ ಬಟ್ಟೆಯನ್ನು ಹಿತ್ತಲಿಗೆ ಒಯ್ದು, ಕಲ್ಲುಚಪ್ಪಡಿಯ ಮೇಲೆ ಎತ್ತಿ ಬಡಿದು ಸೆಣೆಯತೊಡಗಿದ. ಈ ಸೆಣೆತದಿಂದ ಪಾರಾಗಲೆಂದೇ ನಾನು ವಾಷಿಂಗ್ ಮಿಷನ್ ಕೊಂಡದ್ದು. ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ನೋಡಿ, ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದ. ನಾಲ್ಕು ಭಾನುವಾರದಲ್ಲಿ ಆ ಬಟ್ಟೆಗೆ ಹತ್ತು ವರ್ಷ ವಯಸ್ಸಾಯಿತು. ಆಮೇಲೆ ಗುರುಪ್ರಸಾದರ ಬೀರುವಿನ ತಳದಿಂದ ಅವರು ಓದುವ ಕಾಲದ ಒಂದು ನೀಲಿ ಆಕ್ಸ್‌ಫರ್ಡ್ ಶರ್ಟು ಹುಡುಕಿ ತೆಗೆದ. ಕಾಲರ್ ಜೂಲುಜೂಲಾಗಿತ್ತು. ಅದನ್ನು ತಿರುಗಿಸಿ, ಮೈ ಹಿಡಿಸಿ, ವಸುಧಾಳ ಅಳತೆಗೆ ತಂದ.

ಆ ಕಾಲರನ್ನು ಕ್ಯಾರೊಲೈನ್ ಮುಟ್ಟಿ ನೋಡಿದಳಂತೆ. ತನ್ನ ತಾತನ ಶರ್ಟುಗಳೆಲ್ಲ ಹೀಗೇ ಇದ್ದವು, ಈಗ ಇದನ್ನು ಮಾಡುವವರೇ ಸಿಗುವುದಿಲ್ಲ, ಯಾರು ಮಾಡಿದ್ದು ಎಂದು ಕೇಳಿದಳಂತೆ. ವಸುಧಾ ಉತ್ತರ ಕೊಟ್ಟಳು: ನಮ್ಮ ಮನೆತನದ ಟೈಲರು, ಮೈಸೂರಿನಿಂದ ನಮ್ಮ ಜೊತೆ ಕರೆತಂದ ಆಳು. ಅಂದಿನಿಂದ ಅವಳು ಕೂತರೆ ಯಾರೂ ಮಾತು ನಿಲ್ಲಿಸಲಿಲ್ಲ. ಅರಮನೆಯ ಕಡೆಯವರು ಎಂಬ ಸುದ್ದಿಯೂ ಹುಟ್ಟಿತು. ಕ್ಯಾರೊಲೈನಳ ತಾತನ ಮೂರು ಶರ್ಟುಗಳು ನಮ್ಮ ಡೈನಿಂಗ್ ಟೇಬಲ್ಲಿಗೆ ಬಂದವು.

ಇದನ್ನೆಲ್ಲ ವಸುಧಾ ನನಗೊಬ್ಬಳಿಗೆ ಹೇಳಿದಳು. ಅವಳಿಗೆ ಎರಡು ಬಿಗಿಯಬೇಕಿತ್ತು. ಗಾರ್ಮೆಂಟ್ ಲೈನ್ ಎಂದು ಹೇಳಿಕೊಂಡು ತಿರುಗಿದ ಬಾಯಲ್ಲಿ ಬೈಗುಳ ಬರಲಿಲ್ಲ.

ಫೆಬ್ರವರಿಯಲ್ಲಿ ತಂದೆತಾಯಿಗಳನ್ನು ಕ್ಯಾಂಪಸ್ಸಿಗೆ ಕರೆಯುವ ವಾರಾಂತ್ಯ. ಕ್ಯಾರೊಲೈನಳ ತಾಯಿ ಬಾಸ್ಟನ್ನಿನಿಂದ ಬಂದವರು, ಶರ್ಟುಗಳನ್ನು ನಾನೇ ಬಂದು ತೆಗೆದುಕೊಳ್ಳುತ್ತೇನೆ, ಆ ಟೈಲರನ್ನೂ ನೋಡಬೇಕು ಎಂದರಂತೆ. ವಸುಧಾ ಫೋನು ಮಾಡಿದಳು.

"ಜಸ್ಟ್ ಹಾಫ್ ಆ್ಯನ್ ಅವರ್, ಅಮ್ಮಾ. ಪ್ಲೀಸ್. ಮಾಮಂಗೆ ನೀನೇ ಹೇಳು."

ಹೇಳಿದೆ. ನಂಜುಂಡ ಕಾಜಾ ಹೊಲಿಯುತ್ತಿದ್ದವನು ಪೂರ್ತಿ ಮುಗಿಸಿ, ದಾರ ಕಚ್ಚಿ ಹರಿದು, ಕೇಳಿದ.

"ಟೇಪು ಕೊರಳಲ್ಲಿರ್ಲಾ, ತೆಗೀಲಾ?"

"ಇರ್ಲಿ" ಎಂದೆ. ಅಷ್ಟು ನಾಚಿಕೆಗೆಟ್ಟ ಮಾತನ್ನು ನಾನು ಜೀವನದಲ್ಲಿ ಇನ್ನೊಂದು ಆಡಿಲ್ಲ.

ಶನಿವಾರ ಗುರುಪ್ರಸಾದ್, ಆಫೀಸಿನಲ್ಲಿ ಮೀಟಿಂಗು ಎಂದು ಜಾರಿಕೊಂಡರು. ಆ ಕಂಪನಿಯಲ್ಲಿ ಶನಿವಾರ ಮೀಟಿಂಗು ಇರುವುದಿಲ್ಲ. ನಾನು ರೇಷ್ಮೆ ಸೀರೆ ಉಟ್ಟು ಬಾಗಿಲು ತೆಗೆದೆ. ವಸುಧಾಳ ಜೊತೆ ಕ್ಯಾರೊಲೈನಳ ತಾಯಿ ಒಬ್ಬರೇ ನಿಂತಿದ್ದರು. ಮಿಸೆಸ್ ಥೇಯರ್ ಹಾಕಿಕೊಂಡಿದ್ದ ಸ್ವೆಟರಿಗೆ ನುಸಿ ತಿಂದು ಎರಡು ತೂತು ಬಿದ್ದಿತ್ತು. ಸೋಫಾದ ಮೇಲೆ ಕೂತರು. ನಂಜುಂಡ ಹೊಲಿಗೆಯ ಮಿಷನ್ನಿನ ಪಕ್ಕದಲ್ಲಿ, ಗೋಡೆಗೆ ತಾಗಿದಂತೆ ನಿಂತ. ನಾನು ತಟ್ಟೆಯಲ್ಲಿ ಕಾಫಿ ತಂದೆ. ಅದರಲ್ಲಿ ಮೂರೇ ಲೋಟ ಇದ್ದವು.

ಆಕೆ ಕಾಫಿಯನ್ನು ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ಕಾಲರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಹಳೆಯ ಸೂಜಿತೂತುಗಳಲ್ಲೇ ಹೊಸ ದಾರ ಹಾಯ್ದಿದೆ, ಇಷ್ಟು ತಾಳ್ಮೆಯ ಕೆಲಸವನ್ನು ನಾನು ನೋಡಿಲ್ಲ ಎಂದರು. ನನ್ನ ತಮ್ಮನನ್ನು ಹಾಗೆ ಹೊಗಳಿದ್ದನ್ನು ಆ ಮನೆಯಲ್ಲಿ ನಾನು ಮೊದಲು ಕೇಳಿದ್ದು ಅವತ್ತೇ. ನನಗೆ ಹೆಮ್ಮೆಯಾಯಿತು. ಆದದ್ದನ್ನು ಮುಖದಲ್ಲಿ ತೋರಿಸುವ ಹಾಗಿರಲಿಲ್ಲ.

"ನಿಮಗೆ ಇದನ್ನು ಕಲಿಸಿದವರು ಯಾರು?" ಎಂದು ಅವನನ್ನು ಇಂಗ್ಲಿಷಿನಲ್ಲಿ ಕೇಳಿದರು.

"ನಮ್ಮ ತಂದೆ" ಎಂದ, ಅದೇ ಭಾಷೆಯಲ್ಲಿ.

ಆಕೆ ನನ್ನ ಕಡೆ ತಿರುಗಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. "ಹಾಗಾದರೆ ಇವರ ತಂದೆಯೂ ನಿಮ್ಮ ಮನೆತನದಲ್ಲೇ ಕೆಲಸಕ್ಕಿದ್ದರೇ?"

ವಸುಧಾ ಕಾರ್ಪೆಟ್ಟು ನೋಡುತ್ತಿದ್ದಳು. ನಂಜುಂಡ ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ಶರ್ಟನ್ನು ಮಡಿಸತೊಡಗಿದ. ಹೌದು ಎಂದರೆ ಮುಗಿಯುತ್ತಿತ್ತು. ಇನ್ನು ಹತ್ತು ನಿಮಿಷಕ್ಕೆ ಆಕೆ ಎದ್ದು ಹೋಗುತ್ತಿದ್ದರು, ಅಪ್ಪ ಅದೇ ತಿರುವಿನಲ್ಲಿ ನಿಂತಿರುತ್ತಿದ್ದರು.

"ಅವರು ನನ್ನ ತಂದೆ" ಎಂದೆ. "ಮೈಸೂರಲ್ಲಿ ಟೈಲರಾಗಿದ್ದರು. ಇವನು ನನ್ನ ತಮ್ಮ. ಇವನೂ ಟೈಲರು."

ವಸುಧಾಳ ಮುಖ ಕೆಂಪಾಯಿತು. ಮಿಸೆಸ್ ಥೇಯರ್ ಕನ್ನಡಕ ತೆಗೆದು, ಸೋಫಾದಲ್ಲಿ ಸ್ವಲ್ಪ ಆಚೆ ಸರಿದು ಕೂತರು. "ಮತ್ತೆ ಇವರು ಯಾಕೆ ನಿಂತಿದ್ದಾರೆ?" ಎಂದು ನನ್ನನ್ನೇ ಕೇಳಿದರು. ಇನ್ನೊಂದು ಲೋಟ ತರುತ್ತೇನೆಂದು ಒಳಗೆ ಹೋದೆ. ಡಿಕಾಕ್ಷನ್ ಮುಗಿದಿತ್ತು. ಫಿಲ್ಟರಿಗೆ ಇನ್ನಷ್ಟು ಬಿಸಿನೀರು ಸುರಿದು, ಇಳಿದಷ್ಟನ್ನು ಬೆರೆಸಿ, ಕಣ್ಣೊರೆಸಿಕೊಂಡು ತಂದೆ.

ನಂಜುಂಡ ಸೋಫಾದ ತುದಿಯಲ್ಲಿ ಕೂತಿದ್ದ. ಟೇಪು ಇನ್ನೂ ಕೊರಳಲ್ಲೇ ಇತ್ತು. ಒಂದು ಗುಟುಕು ಕುಡಿದು, ಕನ್ನಡದಲ್ಲಿ ಒಂದು ಮಾತು ಹೇಳಿದ. ಏನೆಂದರು ಎಂದು ಮಿಸೆಸ್ ಥೇಯರ್ ವಸುಧಾಳನ್ನು ಕೇಳಿದರು.

ವಸುಧಾ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಗಂಟಲು ಸರಿಮಾಡಿಕೊಂಡಳು.

"ಮೈ ಅಂಕಲ್ ಸೇಸ್ ದ ಕಾಫಿ ಈಸ್ ವೀಕ್."