ಹುಳುವಿಗೆ ಜ್ವರ, ಅಕ್ಕನಿಗೆ ರಜೆ

ಕಳೆದ ವಾರ ಮೇಲೂರಿನಿಂದ ಅಕ್ಕನ ಫೋನು. "ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಕಣೋ. ನಾಳೆ ಸಾಯಂಕಾಲದ್ವರೆಗೂ ಸೊಪ್ಪು ಹಾಕಂಗಿಲ್ಲ. ಹೋಗಣ?"

ರೇಷ್ಮೆ ಸಾಕದವರಿಗಾಗಿ ಹೇಳಿಬಿಡುತ್ತೇನೆ. ಪೊರೆ ಬಿಡುವ ಹೊತ್ತಿಗೆ ಹುಳು ಮೇವು ನಿಲ್ಲಿಸಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಅಕ್ಕ ಮನೆ ಬಿಟ್ಟು ಕದಲುವುದು ಆಗ ಮಾತ್ರ. (ಸರ್ಕಾರಿ ನೌಕರನಾದ ನನಗೆ ಸಿ.ಎಲ್. ಇದೆ, ಅವಳಿಗೆ ಇದು.)

ಹೋಗಣ ಎಂದದ್ದು ದೇವಸ್ಥಾನಕ್ಕಲ್ಲ, ರೋಲರ್ ಕೋಸ್ಟರ್‌ಗೆ! ಬೆಂಗಳೂರಿನಾಚೆಯ ಪಾರ್ಕೊಂದರಲ್ಲಿ ಕತ್ತಲ ಶೆಡ್ಡಿನೊಳಗೇ ಓಡುವ ಕೋಸ್ಟರ್ ಇದೆ. ನಿಧಾನಕ್ಕೆ ಮೇಲೆ ಹತ್ತಿಸುವ ಸೌಜನ್ಯವೂ ಅದಕ್ಕಿಲ್ಲ; ನಿಂತ ಜಾಗದಿಂದಲೇ ಒಂದೇ ಏಟಿಗೆ ಎಸೆಯುತ್ತದೆ. ರೀಲ್ಸ್‌ನಲ್ಲಿ ನೋಡಿದಂದಿನಿಂದ ಐವತ್ತೆರಡರ ಅಕ್ಕ ನನ್ನ ಪ್ರಾಣ ತಿನ್ನುತ್ತಿದ್ದಳು.

ಮರುದಿನ ಬೆಳಿಗ್ಗೆಯೇ ಹೊರಟೆವು. ಒಂದು ಗಂಟೆ ಕ್ಯೂನಲ್ಲಿ ನಿಂತು ಲಾಕರ್‌ಗಳ ಹತ್ತಿರ ಬಂದಾಗ ಭಾವನ ಫೋನು. (ಭಾವನಿಗೆ ಸ್ಪೀಕರ್ ಬೇಕಿಲ್ಲ, ಇಡೀ ಕ್ಯೂಗೆ ಕೇಳುತ್ತದೆ.)

"ಏನೇ, ಹುಳ ಆಗ್ಲೇ ಏಳ್ತಾ ಅವೆ! ಹೊರಟು ಬಾ ಬೇಗ."

"ಸೊಪ್ಪು ಕೊಯ್ದು ಒದ್ದೆ ಗೋಣಿ ಹೊದಿಸಿ ಇಟ್ಟಿದೀನಿ ರೀ. ಎಲ್ಲಾ ಎದ್ಮೇಲೆ ಔಷಧಿ ಪುಡಿ ಉದುರ್ಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಹಾಕಿ."

"ಅದೆಲ್ಲಾ ನಂಗೊತ್ತಾಗಲ್ಲ!"

ತೋಟ, ಮಾರ್ಕೆಟ್ಟು ಭಾವನದು. ಹುಳುಮನೆ ಅಕ್ಕನದು. ಮೂವತ್ತು ವರ್ಷದ ಪದ್ಧತಿ. ಎದ್ದ ಹುಳುವನ್ನು ಹಸಿದಿರಲು ಬಿಟ್ಟರೆ ಬೆಳೆಯೇ ಕೆಡುತ್ತದೆ. ಅಕ್ಕನ ಮುಖ ಸಣ್ಣದಾಯಿತು.

"ನಡಿ ಅಕ್ಕ, ಇನ್ನೊಂದ್ಸಲ ಬರಣ" ಎಂದೆ.

"ಇನ್ನೊಂದ್ಸಲ ಅಂದ್ರೆ ಯಾವಾಗಪ್ಪಾ?"



ಅಷ್ಟರಲ್ಲಿ ಲಾಕರ್ ಹುಡುಗಿ, "ಆಂಟಿ, ಫೋನ್ ಒಳಗೆ ತಗೊಂಡು ಹೋಗೋ ಹಾಗಿಲ್ಲ" ಎಂದಳು. ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಅಕ್ಕ ಅದನ್ನೊಮ್ಮೆ ನೋಡಿದಳು. ಹೊಡೆದುಕೊಳ್ಳುತ್ತಿದ್ದ ಹಾಗೇ ಒಳಗಿಟ್ಟು ಬಾಗಿಲು ಹಾಕಿದಳು.

ಒಳಗೆ ಮತ್ತೆ ಮುಕ್ಕಾಲು ಗಂಟೆ ನಿಂತೆವು. ಕೊನೆಗೆ ಕೂತೆವು, ಕಂಬಿ ಎದೆಗೆ ಬಂದು ಕೂತಿತು, ದೀಪ ಆರಿತು. ಎಸೆಯಿತು ನೋಡಿ! ನಾನು "ಅಯ್ಯಯ್ಯೋ ಅಮ್ಮಾ" ಎಂದು ಬೊಬ್ಬೆ ಹೊಡೆಯುತ್ತಿದ್ದರೆ ಪಕ್ಕದಲ್ಲಿ ಅಕ್ಕ ನಗುತ್ತಿದ್ದಳು. ಅವಳ ಮದುವೆಗೆ ಮುಂಚೆ ಕೇಳಿದ್ದ ನಗು ಅದು. ನನಗೆ ಅಳು ಬಂತು. (ಗಾಳಿಗೆ ಕಣ್ಣಲ್ಲಿ ನೀರು ಬಂತು ಅಂತಲೇ ಅಂದುಕೊಳ್ಳಿ.)

ಹೊರಗೆ ಬಂದರೆ ಒಂಬತ್ತು ಮಿಸ್ಡ್ ಕಾಲ್. ಅಕ್ಕ ಅಲ್ಲೇ ಫೋನು ಮಾಡಿದಳು.

"ಪುಡಿ ಉದುರ್ಸಿ ಸೊಪ್ಪು ಹಾಕಿದೀನಿ" ಎಂದರು ಭಾವ. "ತಿಂತಾ ಅವೆ." ಆಮೇಲೆ, "ನೀನು ಊಟ ಮಾಡ್ದಾ?"

ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ಮೂವತ್ತು ವರ್ಷ ಗೊತ್ತಾಗದೇ ಇದ್ದದ್ದು ಒಂದು ಗಂಟೆಯಲ್ಲಿ ಗೊತ್ತಾಗಿದ್ದು ಹೇಗೆ? ಫೋನು ಎತ್ತುವವರು ಇರಲಿಲ್ಲ, ಅಷ್ಟೇ. ಭಾವನನ್ನು ಬೈದು ಏನು ಪ್ರಯೋಜನ? ಹೆಂಡತಿ ತವರಿಗೆ ಹೋದರೆ ಕುಕ್ಕರ್ ಎಷ್ಟು ಸಲ ಕೂಗಬೇಕೆಂದು ಫೋನು ಮಾಡಿ ಕೇಳುವ ಗಂಡಸು ನಾನೇ.

ಇಷ್ಟನ್ನು ಓದಿದ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ರೀ, ಆ ಲಾಕರ್ ನಮ್ಮ ಚಿಕ್ಕಬಳ್ಳಾಪುರದಲ್ಲಿ ಎಲ್ಲಾದರೂ ಸಿಗುತ್ತಾ?"