ಅಂಬುಜಾಳ ಕೈ, ಅಂಬುಜಾಳ ಎದೆ

ಶ್ರೀಗಂಧದ ಕಾವಲಿನಲ್ಲಿ ಹೊಸ ರವಿಕೆ ಹೊಲಿಸಬೇಕೆಂದರೆ ಹೆಂಗಸರು ಅಂಬುಜಾಳ ಮನೆಗೇ ಬರುತ್ತಿದ್ದರು. ಮೂವತ್ತೆರಡನೆಯ ವಯಸ್ಸಿಗೆ ಕೀಲುವಾತ ಹಿಡಿದು ಬೆರಳುಗಳು ಊದಿಕೊಂಡಾಗ ಡಾಕ್ಟರು ದಿನಕ್ಕೆರಡು ಮಾತ್ರೆ ಬರೆದುಕೊಟ್ಟರು. ನಾಲ್ಕೇ ತಿಂಗಳಲ್ಲಿ ಕತ್ತರಿ ಮತ್ತೆ ಕೈಗೆ ಬಂತು. ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದಿದ್ದರು. ಆಮೇಲೆ ಆ ಡಾಕ್ಟರು ಊರು ಬಿಟ್ಟರು. ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನವನು ಮಾತ್ರೆ ಕೊಡುತ್ತಿದ್ದ. ಹಾಗೆಯೇ ಹದಿನಾಲ್ಕು ವರ್ಷ ನುಂಗಿದಳು.

ಹೋದ ವರ್ಷ ಮಹಡಿ ಹತ್ತಿದರೆ ಉಸಿರು ಕಟ್ಟತೊಡಗಿತು. ಕಾಲು ಊದಿತು.

"ಕೂತು ಕೂತು ಮೈ ಬೆಳೆಸ್ಕೊಂಡಿದೀಯ, ಇನ್ನೇನಾಗುತ್ತೆ?" ಅಂದಳು ಅತ್ತೆ ಗಂಗಲಕ್ಷ್ಮಮ್ಮ. ಗಂಡ ರವಿಕುಮಾರ್ ತಲೆಯೆತ್ತದೆ ಮೊಬೈಲು ನೋಡುತ್ತಿದ್ದ. ಒಂದು ಮಧ್ಯಾಹ್ನ ಅಂಬುಜಾ ಹೊಲಿಗೆ ಮೆಷಿನ್ನಿನ ಮೇಲೆಯೇ ಬಿದ್ದಳು. ನಾಟಕ ಅಂದುಕೊಂಡು ಅತ್ತೆ ಅರ್ಧ ಗಂಟೆ ಹತ್ತಿರ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಒಂದೊಂದೇ ಪರೀಕ್ಷೆ ಮುಗಿಸಿ, ಕೊನೆಗೆ ಹೃದಯದ ಮಾಂಸದ ಚೂರು ತೆಗೆಸಿ ನೋಡಿದರು.

"ಕೀಲಿನ ಮಾತ್ರೆ ಎಷ್ಟು ವರ್ಷ ತಗೊಂಡ್ರಿ?"

"ಹದಿನಾಲ್ಕು ಸಾರ್."

"ಅದೇ ಹೃದಯದ ಗೋಡೆ ದಪ್ಪ ಮಾಡಿದೆ ಕಣಮ್ಮ. ಬಡಿತ ಆಗಾಗ ನಿಂತುಹೋಗ್ತಿದೆ. ಪೇಸ್‌ಮೇಕರ್ ಹಾಕ್ಬೇಕು. ಆ ಮಾತ್ರೆ ಇವತ್ತೇ ಬಿಡಿ."

"ಬಿಟ್ರೆ ನನ್ನ ಕೈ?"

ಡಾಕ್ಟರು ಚೀಟಿ ಬರೆಯುತ್ತ, "ಮೊದಲು ಬದುಕ್ಬೇಕಲ್ಲಮ್ಮ," ಅಂದರು.

ಎಡಭುಜದ ಕೆಳಗೆ ಪೇಸ್‌ಮೇಕರ್ ಕೂರಿಸಿ, ನೀರಿಳಿಸುವ ಮಾತ್ರೆ ಕೊಟ್ಟು ಕಳಿಸಿದರು. ಊತ ಇಳಿಯಿತು, ಉಸಿರು ಸರಾಗವಾಯಿತು. ಮೂರನೆಯ ತಿಂಗಳಿಗೆ ಬೆರಳುಗಳು ಸೊಟ್ಟಗಾದವು. ನೋವಿಗೆ ಕೊಡುವ ಒಳ್ಳೆಯ ಔಷಧಿಗಳೆಲ್ಲ ಅವಳ ಎದೆಗೆ ಆಗದವು. ಬದಲಿಗೆ ಕೊಟ್ಟದ್ದು ಹಿಡಿಯಲಿಲ್ಲ. ತಲೆ ಬಾಚಿಕೊಳ್ಳುವುದಕ್ಕೂ ಅತ್ತೆಯ ಮುಂದೆ ಕೂರಬೇಕಾಯಿತು. ಅತ್ತೆ ಸಿಕ್ಕು ಬಿಡಿಸುತ್ತಿರಲಿಲ್ಲ, ಎಳೆಯುತ್ತಿದ್ದಳು.

ರವಿಕುಮಾರ್ ಅವಳನ್ನು ಕೇಳದೆ ಹೊಲಿಗೆ ಮೆಷಿನ್ನು ಮಾರಲು ಒಪ್ಪಿದ. ಕೊಳ್ಳಲು ಚಂದ್ರಾ ಲೇಔಟಿನಿಂದ ಸ್ಪಂದನ ಎಂಬ ಹುಡುಗಿ ಬಂದಳು.

"ದಾರ ಹೇಗೆ ಹಾಕೋದು ಒಂದ್ಸಲ ತೋರಿಸಿ ಆಂಟಿ."

ಅಂಬುಜಾ ಕೂತಳು. ದಾರದ ತುದಿ ಬೆರಳಿಗೆ ಸಿಗಲಿಲ್ಲ. ಸಿಕ್ಕಾಗ ಸೂಜಿಯ ಕಣ್ಣು ತಪ್ಪಿತು. ಮೂರು ಸಲ ಹಾಗೆಯೇ ಆಯಿತು.

"ಎದೆಗೊಂದು ಮೆಷಿನ್ನು ಇಡಿಸ್ಕೊಂಡು ಬಂದವ್ಳೆ, ಅವಳಿಗೆ ಇದ್ಯಾತಕ್ಕೆ ಬೇಕು, ತಗೊಂಡ್ ಹೋಗಮ್ಮ," ಎಂದು ಗಂಗಲಕ್ಷ್ಮಮ್ಮ ನಕ್ಕಳು. ರವಿಕುಮಾರನೂ ನಕ್ಕ.

ಸ್ಪಂದನ ನಗಲಿಲ್ಲ. ಅಂಬುಜಾ ದಾರ ಕೆಳಗಿಟ್ಟು, "ನೀನೇ ಹಾಕು, ಹೇಳ್ತೀನಿ. ಮೊದಲು ಮೇಲಿನ ಕೊಕ್ಕೆ," ಅಂದಳು.