ಲಿಫ್ಟಣ್ಣನ ಬಲಗಾಲು

ದೊಡ್ಡ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುವವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಜನ ಒಂದು ಮೆಟ್ಟಿಲೂ ಹತ್ತದ ಹಾಗೆ ನೋಡಿಕೊಳ್ಳುವುದು ಅವನ ಹೊಟ್ಟೆಪಾಡು. ಭಾನುವಾರ ಬೆಳಗಾದರೆ ತಾನು ಮಾತ್ರ ಊರೆಲ್ಲ ಓಡುವುದು ಅವನ ಹುಚ್ಚು. ತಲೆ ನರೆತ ಮೇಲೆ ಹಿಡಿದ ಹುಚ್ಚು, ಬಿಡುವ ಹಾಗೆ ಕಾಣಲಿಲ್ಲ.

ಓಡಿದವನು ಸುಮ್ಮನಿರುತ್ತಾನೆಯೇ? "ಅಯ್ಯೋ ಮೀನಖಂಡ, ಅಯ್ಯೋ ತೊಡೆ" ಎಂದು ಅರ್ಧ ವಾರ ಅದೇ ರಾಗ. ಕೇಳಿ ಕೇಳಿ ಹೆಂಡತಿಯ ಕಿವಿ ತೂತು ಬಿದ್ದಿತ್ತು. ಲಿಫ್ಟಿನ ಸ್ಟೂಲಿನಿಂದ ಏಳುವಾಗ ಅವನು ನರಳುವುದನ್ನು ಕೇಳಿ, ಲಿಫ್ಟೇ ಕೆಟ್ಟಿತೆಂದು ಗಿರಾಕಿಗಳು ಹೆದರಿ ಇಳಿದುಬಿಡುತ್ತಿದ್ದರಂತೆ. ಈ ಸುದ್ದಿ ತಂದವಳು ಹೆಂಡತಿಯ ತಂಗಿ. ಅದೇ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕತ್ತರಿಸಿ ಅಂಚು ಹೊಲಿದುಕೊಡುವವಳು. ಅವಳೂ ಓಡುತ್ತಿದ್ದಳು. ಅಂಗಡಿಯವರು ವರ್ಷಕ್ಕೊಮ್ಮೆ ನಡೆಸುವ ಓಟದಲ್ಲಿ ಭಾವನನ್ನು ಹಿಂದೆ ಹಾಕುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಒಂದು ಸಂಜೆ ಲಿಫ್ಟಣ್ಣ ಕಂಕುಳಲ್ಲಿ ನೀಲಿ ಬಣ್ಣದ ಉರುಳೆಯೊಂದನ್ನು ಅವುಚಿಕೊಂಡು ಬಂದ. ಮುಟ್ಟಿದರೆ ಸ್ಪಂಜು, ಒತ್ತಿದರೆ ಮರ, ಮೈತುಂಬ ಉಬ್ಬು.

"ಏನ್ರೀ ಇದು, ದಿಂಬಿಗೆ ಗುಳ್ಳೆ ಎದ್ದಿದೆಯಾ?" ಎಂದಳು ಹೆಂಡತಿ.

"ಫೋಮ್ ರೋಲರ್ ಕಣೇ. ಕಾಲಡಿ ಇಟ್ಕೊಂಡು ಹಿಂದೆ ಮುಂದೆ ಉರುಳಿದ್ರೆ ನೋವೂ ಹೋಗುತ್ತೆ, ವೇಗಾನೂ ಬರುತ್ತೆ. ಈ ಸಲ ನಿನ್ ತಂಗಿ ನನ್ನ ಬೆನ್ನು ನೋಡ್ತಾಳೆ."

"ನೋಡ್ಲಿಲ್ಲಾಂದ್ರೆ?"

"ಓಟಾನೇ ಬಿಟ್ಬಿಡ್ತೀನಿ. ಶೂ ತಗೊಂಡು ನೀನೇ ಅಟ್ಟಕ್ಕೆ ಹಾಕು."

ನರಳಾಟ ನಿಂತರೆ ಸಾಕೆಂದು ಕಾದಿದ್ದವಳು ಗಬಕ್ಕನೆ ಒಪ್ಪಿಕೊಂಡಳು.

ಅಂದಿನಿಂದ ನಡುಮನೆಯಲ್ಲಿ ಓಡಾಡಲು ಜಾಗವಿಲ್ಲ. ಲಿಫ್ಟಣ್ಣ ಹಲ್ಲು ಕಚ್ಚಿಕೊಂಡು ಉರುಳೆಯ ಮೇಲೆ ಕಾಲು ಚಾಚಿ, ದಡಕ್ಕೆ ಬಿದ್ದ ಮೀನಿನಂತೆ ಒದ್ದಾಡುವನು. ನೋಡಲು ಬಂದ ತಂಗಿ ಬಾಗಿಲಲ್ಲೇ ನಿಂತು ನಕ್ಕಳು.

"ಭಾವ, ಇದು ಕೆಲಸ ಮಾಡುತ್ತೋ ಇಲ್ವೋ ಹೆಂಗೆ ಗೊತ್ತಾಗುತ್ತೆ? ಹೊಸ ದಾರ ಬಂದ್ರೆ ನಾನು ಪ್ಯಾಂಟಿನ ಒಂದು ಕಾಲಿಗೆ ಅದು, ಇನ್ನೊಂದಕ್ಕೆ ಹಳೇದು ಹಾಕಿ ನೋಡ್ತೀನಿ. ನೀವೂ ಒಂದೇ ಕಾಲು ಉರುಳಿಸಿ."

"ಗಿರಾಕಿ ಪ್ಯಾಂಟಲ್ಲೇನೇ?"

"ಛೇ ಛೇ, ನಮ್ಮೆಜಮಾನ್ರ ಪ್ಯಾಂಟಲ್ಲಿ."

ಮುಂದಿನ ಭಾನುವಾರ ಓಡಿ ಬಂದವನು ಬಲಗಾಲನ್ನು ಮಾತ್ರ ಉರುಳಿಸಿದ. ಮರುದಿನ ಹೊಸಿಲು ದಾಟುವಾಗ ಎಡಗಾಲು ಬೈಯಿತು, ಬಲಗಾಲು ಅಷ್ಟಾಗಿ ಬೈಯಲಿಲ್ಲ. ಲಿಫ್ಟಣ್ಣ ಕುಣಿದಾಡಿದ.

"ಮುದ್ದು ಮಾಡಿದ ಕಾಲು ನೋವು ಅಂತ ಹೇಳೋಕೆ ನಾಚ್ಕೊಂಡಿರ್ಬೇಕು," ಎಂದಳು ಹೆಂಡತಿ.

"ನೋವು ಕಡಿಮೆ ಆಯ್ತು, ಒಪ್ಪಿದೆ," ಎಂದಳು ತಂಗಿ. "ಆದ್ರೆ ಭಾವ, ಎಡಗಾಲಿಗಿಂತ ಮೊದ್ಲು ಬಲಗಾಲು ಮನೆಗೆ ಬಂತಾ?"

ಎರಡೂ ಬೇಗ ಬರಲೆಂದು ಲಿಫ್ಟಣ್ಣ ಅಂದಿನಿಂದ ಎರಡೂ ಕಾಲು ಉರುಳಿಸತೊಡಗಿದ.

ಓಟಕ್ಕೆ ಮುಂಚಿನ ಭಾನುವಾರ ಕಾಲಿಗೆ ಬಿಡುವು ಕೊಡಬೇಕೆಂದು ಮನೆಯಲ್ಲೇ ಉಳಿದ. ಹೆಂಡತಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆಯ ಡಬ್ಬಿಗಳೆಲ್ಲ ನೆಲದ ಮೇಲೆ! "ಉಪ್ಪು ಇಲ್ಲಿ ಯಾಕೆ? ಈ ಮುಚ್ಚಳ ಯಾವುದರದ್ದು? ಎಲ್ಲ ಎತ್ತರದ ಪ್ರಕಾರ ಜೋಡಿಸ್ತೀನಿ ಇರು." ಮಧ್ಯಾಹ್ನದವರೆಗೂ ಅವಳಿಗೆ ಸಾಸಿವೆ ಸಿಗಲಿಲ್ಲ. ಇವನು ಓಟ ಬಿಟ್ಟರೆ ಪ್ರತಿ ಭಾನುವಾರವೂ ಹೀಗೇ ಎಂಬುದು ಆಗ ಅವಳಿಗೆ ಹೊಳೆಯಿತು.

ಅಲ್ಲಿಂದ ಅವಳ ಮಾತೇ ತಿರುಗಿತು. "ಇನ್ನೊಂಚೂರು ಉರುಳಿಸ್ರೀ, ತೊಡೆ ಬಿಟ್ಟೇ ಹೋಯ್ತು." ತಂಗಿಯನ್ನೂ ಗುಟ್ಟಾಗಿ ಕರೆದಳು. "ಈ ಸಲ ಸ್ವಲ್ಪ ನಿಧಾನಕ್ಕೆ ಓಡೇ, ನನ್ನಮ್ಮ."

"ಭಾವ ಗೆಲ್ಲೋಕೆ ನಾನು ಕುಂಟಬೇಕಾ? ಹೋಗಕ್ಕಾ!"

ಓಟದ ದಿನ ಲಿಫ್ಟಣ್ಣ ಎದೆ ಒಡೆಯುವ ಹಾಗೆ ಓಡಿದ. ಅವನು ಮುಟ್ಟುವ ಹೊತ್ತಿಗೆ ನಾದಿನಿ ನೀರು ಕುಡಿದು, ಬೆವರು ಒರೆಸಿಕೊಂಡು, ಜಡೆಯನ್ನೂ ಸರಿಮಾಡಿಕೊಂಡಿದ್ದಳು.

"ಅದೇನು ಮಾಡ್ತೀಯೇ ನೀನು, ಕಾಲಿಗೆ?" ಎಂದು ಏದುಸಿರಲ್ಲೇ ಕೇಳಿದ.

"ಊಟ ಆದ್ಮೇಲೆ ಬಿದ್ಕೋತೀನಿ ಭಾವ. ಬೆಳಗಿನ ತನಕ ಮನೆ ಬಿದ್ರೂ ಏಳಲ್ಲ."

ಮನೆಗೆ ಬಂದವನು ಮುಖ ಜೋಲು ಹಾಕಿಕೊಂಡು ಶೂ ಬಿಚ್ಚಿ ಹೆಂಡತಿಯ ಮುಂದಿಟ್ಟ. "ತಗೋ, ಅಟ್ಟಕ್ಕೆ ಹಾಕು. ಇನ್ಮೇಲೆ ಭಾನುವಾರ ಪೂರ್ತಿ ನಿನ್ ಜೊತೇಲೇ."

"ಅಟ್ಟದಲ್ಲಿ ಜಾಗ ಇಲ್ಲ."

"ಮಾತು ಅಂದ್ರೆ ಮಾತು ಕಣೇ."

"ಮಾತು ಕೊಟ್ಟಿದ್ದು ಆ ಉರುಳೆ ನಂಬ್ಕೊಂಡು ತಾನೇ? ವೇಗ ಕೊಡ್ತೀನಿ ಅಂತ ಅದು ಮೋಸ ಮಾಡಿದ್ರೆ ನೀವ್ಯಾಕೆ ಓಟ ಬಿಡ್ಬೇಕು? ಶಿಕ್ಷೆ ಅದಕ್ಕೇ ಆಗ್ಲಿ. ಕೊಡಿ ಇಲ್ಲಿ!"

ಅವನ ಮುಖ ಮೊರದಗಲವಾಯಿತು. ಆದರೂ ಮೆಲ್ಲಗೆ ಕೇಳಿದ, "ನೋವಿಗಾದ್ರೂ ಬೇಕಲ್ಲೇ ಅದು?"

"ನೋವಿಗಾದ್ರೆ ನನ್ನ ಸೊಂಟ ಮೊದ್ಲು."

ಮರು ಭಾನುವಾರ ಬೆಳಗಾಗುತ್ತಲೇ ಶೂ ಬಾಗಿಲಲ್ಲಿ ಸಿದ್ಧವಾಗಿತ್ತು. ಅವನು ಬೀದಿ ತಿರುವು ದಾಟುವವರೆಗೂ ನೋಡಿ, ಅವಳು ಚಿಲಕ ಹಾಕಿಕೊಂಡು, ಉರುಳೆಯ ಮೇಲೆ ಸೊಂಟವಿಟ್ಟು ಹಾಯಾಗಿ ಮಲಗಿದಳು.